ಮೂವತ್ತೊಂದರ ಮುಂಗಾಲು

ನಮ್ಮ ಪ್ರಯೋಗಾಲಯದಲ್ಲಿ ಮೇಕೆಗಳಿಗೆ ಹೆಸರಿಡಬಾರದೆಂಬ ನಿಯಮವಿತ್ತು. ಹನ್ನೊಂದು ವರ್ಷ ನಾನು ಆ ನಿಯಮ ಪಾಲಿಸಿದೆ. ಆದರೆ ಒಂದು ಸಂಖ್ಯೆಯನ್ನು ದಿನಕ್ಕೆ ಇಪ್ಪತ್ತು ಸಲ ಕೂಗಿ, ಅದರ ಕಿವಿ ತುರಿಸಿ, ಗೊರಸು ಕತ್ತರಿಸಿ, ಹೊಟ್ಟೆ ಉಬ್ಬರಿಸಿದಾಗ ಎಣ್ಣೆ ಕುಡಿಸಿದರೆ ಆ ಸಂಖ್ಯೆಯೇ ಹೆಸರಾಗಿಬಿಡುತ್ತದೆ. ನಿಯಮ ಬರೆದವರಿಗೆ ಇದು ಗೊತ್ತಿರಲಿಲ್ಲ. ಅವರು ಲಂಡನ್ನಿನಲ್ಲಿ ಕುರ್ಚಿಯ ಮೇಲೆ ಕೂತು ಬರೆಯುವವರು. ಅವರ ಕುರ್ಚಿಯನ್ನು ಯಾವ ಮೇಕೆಯೂ ಹಾಯುವುದಿಲ್ಲ.

ನಾನು ಡಿಲಿಸ್ ಟ್ಯಾರೆಂಟ್. ಸೋಲ್‌ಹೇವನ್ ಬಂದರಿನಲ್ಲಿ, ನೌಕಾದಳದವರ ಪ್ರಯೋಗಾಲಯದಲ್ಲಿ, ಮೇಕೆ ನೋಡಿಕೊಳ್ಳುವ ಕೆಲಸ. ನಮ್ಮ ಊರಲ್ಲಿ ಮನೆಗೊಬ್ಬರಾದರೂ ನೌಕಾದಳದಲ್ಲಿ ಇರುತ್ತಾರೆ. ನನ್ನ ತಂಗಿಯ ಮಗ ಕ್ಲೈವ್ ಜಲಾಂತರ್ಗಾಮಿಯಲ್ಲಿದ್ದಾನೆ. ಹಾಗಾಗಿ 'ಇಂಥ ಕೆಲಸ ಹೇಗೆ ಮಾಡ್ತೀಯಾ' ಎಂದು ಊರಲ್ಲಿ ನನ್ನನ್ನು ಯಾರೂ ಕೇಳುತ್ತಿರಲಿಲ್ಲ.

ಕೆಲಸ ಇಷ್ಟೇ. ಜಲಾಂತರ್ಗಾಮಿ ಕೆಟ್ಟು ತಳದಲ್ಲಿ ಕೂತರೆ ಒಳಗಿನವರು ಒಬ್ಬೊಬ್ಬರಾಗಿ ಹೊರಬಿದ್ದು ನೀರಿನ ಮೇಲಕ್ಕೆ ಏರಬೇಕು. ತೀರಾ ಆಳದಿಂದ ಏರಿದವರ ರಕ್ತದಲ್ಲಿ ಗುಳ್ಳೆ ಏಳುತ್ತದೆ. ಕೀಲುಗಳನ್ನು ಹಿಂಡುತ್ತದೆ, ಕೆಲವರಿಗೆ ಸೊಂಟದ ಕೆಳಗೆ ಸ್ವಾಧೀನವೇ ಹೋಗುತ್ತದೆ, ಸತ್ತವರೂ ಇದ್ದಾರೆ. ಎಷ್ಟು ಆಳದಿಂದ ಏರಬಹುದು, ಎಷ್ಟು ಆಳದಲ್ಲಾದರೆ ಸುಮ್ಮನೆ ಕೂತು ರಕ್ಷಣೆಯ ಹಡಗಿಗೆ ಕಾಯಬೇಕು ಎಂದು ಹೇಳುವ ಒಂದು ಪಟ್ಟಿ ಪ್ರತಿ ಜಲಾಂತರ್ಗಾಮಿಯಲ್ಲೂ ಇರುತ್ತದೆ. ಆ ಪಟ್ಟಿಯ ಒಂದೊಂದು ಸಾಲಿನ ಹಿಂದೆಯೂ ನಮ್ಮ ಹನ್ನೆರಡು ಮೇಕೆಗಳು ಇವೆ. ಮೇಕೆಯನ್ನು ಉಕ್ಕಿನ ಕೋಣೆಯೊಳಗೆ ನಿಲ್ಲಿಸಿ, ಗಾಳಿ ತುಂಬಿ ಆ ಆಳದಷ್ಟು ಒತ್ತಡ ತಂದು, ಆಮೇಲೆ ಆ ಒತ್ತಡವನ್ನು ಸರ್ರನೆ ಬಿಡುತ್ತಾರೆ. ನಂತರ ಮೇಕೆಯನ್ನು ಅಂಗಳಕ್ಕೆ ತಂದು ಅರ್ಧ ಗಂಟೆ ನೋಡುತ್ತಾರೆ.

ಮೇಕೆ ಎಲ್ಲಿ ನೋವೆಂದು ಬಾಯಿಬಿಟ್ಟು ಹೇಳುತ್ತದೆಯೇ? ಕೀಲು ನೊಂದರೆ ಮುಂಗಾಲು ಎತ್ತಿ ಹಿಡಿಯುತ್ತದೆ. ಅದೊಂದೇ ಅದರ ಮಾತು. ಐದು ಎಣಿಸುವಷ್ಟು ಹೊತ್ತು, ಎರಡು ಸಲ ಎತ್ತಿದರೆ ಹಾಳೆಯಲ್ಲಿ 'ಗುಳ್ಳೆ' ಎಂದು ಬರೆಯುತ್ತಾರೆ. ಹನ್ನೆರಡರಲ್ಲಿ ಒಂದಕ್ಕೆ ಗುಳ್ಳೆಯಾದರೆ ಆ ಆಳ ಪಾಸು, ಎರಡಕ್ಕಾದರೆ ಫೇಲು. ಗುಳ್ಳೆಯಾದ ಮೇಕೆಯನ್ನು ಅದೇ ಮಧ್ಯಾಹ್ನ ಮತ್ತೆ ಕೋಣೆಗೆ ಹಾಕಿ, ಒತ್ತಡ ಏರಿಸಿ, ಈ ಸಲ ನಿಧಾನವಾಗಿ ಇಳಿಸಿ ನೋವು ತೆಗೆಯುತ್ತಾರೆ. ನೋವಿನಲ್ಲಿ ಬಿಡಬಾರದೆಂದು ಕಾನೂನಿದೆ. ಆಮೇಲೆ ಆ ಶುಕ್ರವಾರ ಅದನ್ನು ಕೊಂದು ಬೆನ್ನುಹುರಿ ಪರೀಕ್ಷಿಸುತ್ತಾರೆ. ಕೊಲ್ಲುವ ಮೊದಲು ನೋವು ತೆಗೆಯುವ ಈ ದಯೆಯನ್ನು ಅರ್ಥಮಾಡಿಕೊಳ್ಳಲು ನನಗೆ ಇವತ್ತಿಗೂ ಆಗಿಲ್ಲ. ಮೂರು ಸಲ ಹೀಗೆ ಕೋಣೆಯ ಒತ್ತಡಕ್ಕೆ ಇಳಿದು ನೆಟ್ಟಗೆ ಬಂದ ಮೇಕೆಯನ್ನು ಮಾತ್ರ ಗುಡ್ಡದ ಹುಲ್ಲುಗಾವಲಿಗೆ ಬಿಡುತ್ತಿದ್ದರು. ಮತ್ತೆ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ.

ಮಾರ್ಚ್ ತಿಂಗಳ ಒಂದು ಮಂಗಳವಾರ ಮೂವತ್ತೊಂದನೇ ನಂಬರಿನ ಮೇಕೆ ಇಳಿದದ್ದು ಮೂರನೆಯ ಸಲ. ಆಗ ಪರೀಕ್ಷಿಸುತ್ತಿದ್ದ ಆಳಕ್ಕೆ ಇಳಿಯುವ ಹನ್ನೆರಡರಲ್ಲಿ ಅದೇ ಕೊನೆಯದು. ಮೊದಲು ಇಳಿದವುಗಳಲ್ಲಿ ಆಗಲೇ ಒಂದಕ್ಕೆ ಗುಳ್ಳೆಯಾಗಿತ್ತು.

ಕೋಣೆ ನಡೆಸುವವನು ರೆಜ್ ಹಾಕಿನ್. ಇಪ್ಪತ್ತು ವರ್ಷ ಹಡಗಿನಲ್ಲಿ ದುಡಿದು ಬಂದ ದಢೂತಿ ಆಸಾಮಿ. ಬಾಗಿಲು ತೆಗೆದಾಗ ಮೂವತ್ತೊಂದು ಮೈ ಕೊಡವಿಕೊಂಡು ಅಂಗಳಕ್ಕೆ ಬಂತು. ಗೋಡೆಯ ಬಳಿ ನಾನು ನಿಂತಿದ್ದೆ. ಪರಿಚಯದವರು ಕಾಣದಿದ್ದರೆ ಮೇಕೆಗಳು ಗಾಬರಿಯಿಂದ ಓಡಾಡುತ್ತವೆಂದು ನನ್ನನ್ನು ಅಲ್ಲಿ ನಿಲ್ಲಿಸುತ್ತಿದ್ದರು. ಅದು ನನ್ನನ್ನು ನೋಡಿತು. ನೋಡಿ, ಎಡ ಮುಂಗಾಲು ಎತ್ತಿತು.

"ಎತ್ತಿತು!" ಎಂದ ರೆಜ್. "ಒಂದು, ಎರಡು, ಮೂರು..."

ಏಳರವರೆಗೆ ಎಣಿಸಿದ. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಎತ್ತಿತು, ಮತ್ತೆ ಎಣಿಸಿದ.

"ಹೋಯ್ತು ಕಣಮ್ಮ ಡಿಲಿಸ್, ನಿನ್ನ ಮುದ್ದಿನ ಮಗಳು. ಈ ಆಳಾನೂ ಗೋತಾ."

ಆದರೆ ಅವನಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ಆರು ವಾರಕ್ಕೊಮ್ಮೆ ಮೇಕೆಯ ಗೊರಸು ಕತ್ತರಿಸಬೇಕು. ಮೂವತ್ತೊಂದು ಕಾಲು ಕೊಡದೆ ಒದೆಯುತ್ತಿತ್ತು, ಒಮ್ಮೆ ನನ್ನ ಮಣಿಕಟ್ಟೇ ಉಳುಕಿತ್ತು. ಮೇಕೆ ಸಾಕಿದವರೆಲ್ಲ ಮಾಡುವುದನ್ನೇ ನಾನೂ ಮಾಡಿದೆ. 'ಕಾಲು ಕೊಡು' ಎನ್ನುವುದು, ಎತ್ತಿದರೆ ಒಂದು ಶುಂಠಿ ಬಿಸ್ಕತ್ತು ಕೊಡುವುದು. ಚಳಿಗಾಲ ಮುಗಿಯುವಷ್ಟರಲ್ಲಿ ಅದು ನನ್ನನ್ನು ಕಂಡ ಕೂಡಲೇ ಎಡಗಾಲು ಎತ್ತಿ ನಿಲ್ಲುತ್ತಿತ್ತು. ಬೇರೆ ಕಡೆ ಇದು ಜಾಣತನ. ನಮ್ಮ ಅಂಗಳದಲ್ಲಿ ಇದು ಮರಣಶಾಸನವಾಗಬಹುದೆಂದು ನನ್ನ ಮಂಕು ತಲೆಗೆ ಹೊಳೆದಿರಲಿಲ್ಲ.

ನಾನು ನೇರವಾಗಿ ಕಮಾಂಡರ್ ಪೆನ್‌ಹ್ಯಾಲೋ ಅವರ ಕೋಣೆಗೆ ಹೋದೆ. ಅವರು ನೌಕಾದಳದ ವೈದ್ಯರು, ಈ ಪರೀಕ್ಷೆಗಳೆಲ್ಲ ಅವರ ಕೈಕೆಳಗೆ ನಡೆಯುತ್ತಿದ್ದವು. ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು.

"ಬಿಸ್ಕತ್ತಾ?" ಎಂದರು.

"ಶುಂಠಿ ಬಿಸ್ಕತ್ತು ಸರ್."

"ಯಾವ ಬಿಸ್ಕತ್ತು ಅಂತ ನಾನು ಕೇಳಲಿಲ್ಲ ಮಿಸೆಸ್ ಟ್ಯಾರೆಂಟ್. ಎಷ್ಟು ಮೇಕೆಗೆ ಕಲಿಸಿದ್ದೀರಿ?"

"ಇದೊಂದಕ್ಕೇ ಸರ್. ಬೇರೆಯವು ಸುಮ್ಮನೆ ಕಾಲು ಕೊಡ್ತವೆ."

ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಫೇಲಾಗದ ಆಳಾನ ಫೇಲು ಅಂತ ಬರೆದ್ರೆ ಏನಾಗುತ್ತೆ ಗೊತ್ತಲ್ವಾ? ಏರಿ ಬದುಕಬಹುದಾದ ಹುಡುಗರು ಕೆಳಗೇ ಕೂತು ಉಸಿರು ಕಟ್ಟಿ ಸಾಯ್ತಾರೆ. ಅದು ನೋವಿಗೆ ಎತ್ತಿದ್ದಲ್ಲ, ಬೇಡಿದ್ದು ಅಂತ ಬರೆದು ಸಹಿ ಹಾಕ್ತೀರಾ?"

ಹಾಕಿದೆ. ಒಂದು ಕ್ಷಣವೂ ಯೋಚಿಸಲಿಲ್ಲ. ಹಾಗೇ ಇರಲಿ ಎಂದು ಮನಸ್ಸು ಬಯಸಿದಾಗ ಕಣ್ಣು ಕಂಡದ್ದೆಲ್ಲ ಹಾಗೇ ಇರುತ್ತದೆ. ಅವರು ಹಾಳೆಯಲ್ಲಿ ಮೂವತ್ತೊಂದರ ಸಾಲಿನ ಮೇಲೆ ಕೆಂಪು ಗೆರೆ ಎಳೆದು ರೆಜ್‌ಗೆ ಫೋನು ಮಾಡಿದರು. "ಮೂವತ್ತೊಂದಕ್ಕೆ ಮಧ್ಯಾಹ್ನದ ಚಿಕಿತ್ಸೆ ಬೇಡ. ಅದಕ್ಕೆ ಗುಳ್ಳೆ ಆಗಿಲ್ಲ."

"ಹಾಗಾದ್ರೆ ಅದನ್ನ ಗುಡ್ಡಕ್ಕೆ ಬಿಡಬಹುದಾ ಸರ್?" ಎಂದು ನಾನು ಬಾಗಿಲ ಬಳಿ ನಿಂತು ಕೇಳಿದೆ. ಒಳಗೊಳಗೇ ಗೆದ್ದೆನೆಂದುಕೊಂಡಿದ್ದೆ.

"ಗುಡ್ಡಕ್ಕಾ? ಇಲ್ಲ ಇಲ್ಲ. ಅನುಮಾನದ ಮೇಕೆ ಅದು. ಶುಕ್ರವಾರ ಬೆನ್ನುಹುರಿ ನೋಡಲೇಬೇಕು. ಶುದ್ಧವಾಗಿದ್ರೆ ನೀವು ಹೇಳಿದ್ದು ನಿಜ ಅಂತಾಗುತ್ತೆ."

"ಅಂದ್ರೆ, ನಾನು ಹೇಳದಿದ್ರೂ ಶುಕ್ರವಾರ, ಹೇಳಿದ್ರೂ ಶುಕ್ರವಾರ?"

"ಹೇಳಿದ್ದು ಒಳ್ಳೇದೇ ಆಯ್ತು," ಎಂದರು. ಮನಸಾರೆಯೇ ಹೇಳಿದರು. "ಸೋಮವಾರಕ್ಕೆ ಇದರ ಬದಲು ಇನ್ನೊಂದನ್ನ ಕಳಿಸಿ."

ಒಂದನ್ನು ಉಳಿಸಲು ಹೋಗಿ ಇನ್ನೊಂದನ್ನೂ ಸಾಲಿಗೆ ನಿಲ್ಲಿಸಿ ಬಂದೆ. ಮೆಟ್ಟಿಲಿಳಿಯುವಾಗ ನನ್ನ ಕೆನ್ನೆಗೆ ನಾನೇ ಎರಡು ಬಿಗಿಯಬೇಕೆನಿಸಿತು.

ಗುರುವಾರ ಬೆಳಿಗ್ಗೆ ಎಂದಿನ ಬಾಗಿಲಿನಿಂದ ಹೋಗದೆ ಒಣಹುಲ್ಲಿನ ಕೊಟ್ಟಿಗೆಯ ಕಡೆಯಿಂದ ಬಂದೆ. ಅವತ್ತು ಹುಲ್ಲಿನ ಲಾರಿ ಬರುವುದಿತ್ತು. ಗಾಳಿ ಸಮುದ್ರದ ಕಡೆಯಿಂದ ನನ್ನ ಮುಖಕ್ಕೇ ಬೀಸುತ್ತಿತ್ತು. ಹಾಗಾಗಿ ಮೇಕೆಗಳಿಗೆ ನನ್ನ ವಾಸನೆ ಸಿಕ್ಕಿರಲಿಲ್ಲ. ಹಲಗೆಯ ಸಂದಿಯಿಂದ ಇಣುಕಿದೆ. ಬೇರೆಯವು ಗೋದಲಿಯಲ್ಲಿ ತಲೆ ಹಾಕಿ ಮೇಯುತ್ತಿದ್ದವು. ಮೂವತ್ತೊಂದು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿತ್ತು. ಎಡ ಮುಂಗಾಲು ಎತ್ತಿ ಹಿಡಿದಿತ್ತು.

ಅಲ್ಲಿ ಯಾರೂ ಇರಲಿಲ್ಲ. ಬೇಡಲು ಎದುರಿಗೆ ಕಲ್ಲಿನ ಗೋಡೆ ಬಿಟ್ಟು ಏನೂ ಇರಲಿಲ್ಲ.

ನಾನು ಎಣಿಸಿದೆ. ನಲವತ್ತಾಯಿತು. ಕಾಲು ಮೆಲ್ಲಗೆ ಇಳಿಸಿ, ನೆಲ ಮುಟ್ಟಿದ ಕೂಡಲೇ ಹಲ್ಲು ಕಡಿದು ನರಳಿ, ಮತ್ತೆ ಎತ್ತಿತು. ಎದುರಿಗೆ ಹೋಗಿ ಬಿಸ್ಕತ್ತು ಹಿಡಿದೆ. ಮೂಸಿ ನೋಡಿ ಮುಖ ತಿರುಗಿಸಿತು. ಎರಡು ದಿನದಿಂದ ಅದು ನೋಯುತ್ತಿದೆಯೆಂದು ಹೇಳುತ್ತಲೇ ಇತ್ತು. ಅದಕ್ಕಿದ್ದ ಒಂದೇ ಮಾತನ್ನು ನಾನು ಬಿಸ್ಕತ್ತಿಗೆ ಕೊಂಡುಕೊಂಡಿದ್ದೆ. ಆಮೇಲೆ ಅದಕ್ಕೆ ನೋವಿಲ್ಲವೆಂದು ಸಹಿ ಹಾಕಿದ್ದೆ. ಸಿಗಬೇಕಿದ್ದ ಚಿಕಿತ್ಸೆಯನ್ನೂ ನಾನೇ ತಪ್ಪಿಸಿದ್ದೆ.

ಓಡಿಹೋಗಿ ಮೊದಲು ರೆಜ್‌ನನ್ನು ಹಿಡಿದೆ. "ಈಗಲೇ ಅದನ್ನ ಕೋಣೆಗೆ ಹಾಕೋ ರೆಜ್, ನಿನ್ನ ಕಾಲಿಗೆ ಬೀಳ್ತೀನಿ. ಅದಕ್ಕೆ ನಿಜವಾಗ್ಲೂ ನೋವಿದೆ."

ರೆಜ್ ತಲೆ ತುರಿಸಿಕೊಂಡ. "ಅದರ ಸಾಲು ಹೊಡೆದು ಹಾಕಿದಾರಲ್ಲ ಡಿಲಿಸ್. ಹಾಳೇಲಿಲ್ಲದ ಮೇಕೆಗೆ ಕೋಣೆ ಕೊಡೋಕೆ ನಂಗೆ ಅಧಿಕಾರ ಇಲ್ಲ. ಕಮಾಂಡರ್ ಹತ್ರ ಚೀಟಿ ತಗೊಂಡು ಬಾ, ಎರಡೇ ನಿಮಿಷ, ಹಾಕ್ತೀನಿ."

ಕಮಾಂಡರ್ ಚೀಟಿ ಕೊಡಲಿಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ನಾನು ಸಹಿ ಹಾಕಿದ ಕಾಗದವನ್ನು ಮೇಜಿನ ಮೇಲಿಟ್ಟರು.

"ಮಂಗಳವಾರ ಬೇಡಿದ್ದು ಅಂದ್ರಿ. ಇವತ್ತು ನೋವು ಅಂತೀರಿ. ಶುಕ್ರವಾರ ಅದನ್ನ ಕೊಲ್ತೀವಿ ಅಂತ ಗೊತ್ತಾದ ಮೇಲೆ ಹೇಳ್ತಿದ್ದೀರಿ. ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ನೀವು ನನ್ನ ನಂಬ್ತಿದ್ರಾ?"

"ನನ್ನ ನಂಬಬೇಡಿ ಸರ್. ಬಂದು ಮೇಕೆ ನೋಡಿ."

ಬಂದರು, ಪಾಪ. ಬೂಟಿಗೆ ಹಿಕ್ಕೆ ಮೆತ್ತಿಸಿಕೊಂಡು ಕೊಟ್ಟಿಗೆಯ ತನಕ ಬಂದರು. ಮೂವತ್ತೊಂದು ನನ್ನನ್ನು ನೋಡಿ ಕಾಲು ಎತ್ತಿತು. ಅವರು ನನ್ನ ಮುಖ ನೋಡಿದರು. ನಾನಿದ್ದರೆ ಅದು ಬಿಸ್ಕತ್ತು, ನಾನಿಲ್ಲದಿದ್ದರೆ ನೋವು. ನಾನಿಲ್ಲದಾಗ ಕಂಡದ್ದಕ್ಕೆ ಸಾಕ್ಷಿ ನಾನೊಬ್ಬಳೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

"ನೋವು ಕಡಿಮೆಯಾಗೋಕೆ ಚುಚ್ಚುಮದ್ದು ಕೊಡಿಸ್ತೀನಿ," ಎಂದರು ಹೊರಗೆ ಬಂದು. "ಆದರೆ ಸಾಲನ್ನ ವಾಪಸ್ ಬರೆಯೋಕೆ ಆಗಲ್ಲ. ಸರಿಯಾಗಿ ಮಾಡಬೇಕು ಅಂದ್ರೆ ಒಂದೇ ದಾರಿ. ಇಡೀ ಆಳಾನೇ ರದ್ದು ಮಾಡಿ ಹೊಸದಾಗಿ ಹನ್ನೆರಡು ಮೇಕೆ ಇಳಿಸಬೇಕು. ನೋಡಿಕೊಳ್ಳುವವರಿಂದಲೇ ಪರೀಕ್ಷೆ ಕೆಟ್ಟಿದೆ ಅಂತ ನೀವು ಬರೆದು ಕೊಟ್ರೆ ನಾನು ಮೇಲಕ್ಕೆ ಕಳಿಸ್ತೀನಿ, ಒಪ್ತಾರೆ. ಬರೆದು ಕೊಡ್ತೀರಾ? ಇನ್ನೂ ಹನ್ನೆರಡು ಮೇಕೆ, ಮಿಸೆಸ್ ಟ್ಯಾರೆಂಟ್."

ಯೋಚಿಸಬೇಕು ಎಂದೆ. ಸೋಮವಾರ ಐದು ಗಂಟೆಯವರೆಗೆ ಸಮಯ ಕೊಟ್ಟರು.

ಸಂಜೆ ಗೇಟಿನ ಬಳಿ 'ಪ್ರಾಣಿ ಪ್ರಯೋಗ ನಿಲ್ಲಿಸಿ' ಎಂಬ ಫಲಕ ಹಿಡಿದು ನಿಲ್ಲುವ ಮಿಸ್ ಹೆಸ್ಟರ್ ಎಂದಿನಂತೆ ಅಡ್ಡ ಬಂದರು. ನಿವೃತ್ತ ಟೀಚರು, ಎರಡು ವರ್ಷದಿಂದ ವಾರಕ್ಕೊಮ್ಮೆ ನನ್ನ ಕೈಗೆ ಒಂದು ಕರಪತ್ರ ತುರುಕುತ್ತಿದ್ದರು. ಅದರ ಮೇಲೆ ಕುರಿಯ ಚಿತ್ರವಿತ್ತು. ಅದು ಕುರಿ, ನಮ್ಮಲ್ಲಿರುವುದು ಮೇಕೆ ಎಂದು ನಾನೂ ಎರಡು ವರ್ಷದಿಂದ ಹೇಳುತ್ತಿದ್ದೆ.

"ಒಳಗೆ ಏನು ನಡೀತಿದೆ ಅಂತ ಒಂದು ದಿನವಾದ್ರೂ ಹೇಳಬಾರದಾ?" ಎಂದರು.

ಅವತ್ತು ಹೇಳಿಬಿಟ್ಟೆ. "ಒಂದು ಮೇಕೆಗೆ ಕಾಲು ನೋಯ್ತಿದೆ. ನಾನು ಮಾಡಿದ ತಪ್ಪಿಗೆ ಅದಕ್ಕೆ ಚಿಕಿತ್ಸೆ ತಪ್ಪಿತು."

"ಕಾಲು ನೋವಾ?" ಮಿಸ್ ಹೆಸ್ಟರ್ ಮುಖ ಸಣ್ಣದಾಯಿತು. "ಅಷ್ಟೇನಾ? ರಕ್ತ ಗಿಕ್ತ... ಫೋಟೋ ಏನಾದ್ರೂ?"

ನನಗೆ ಕೋಪ ನೆತ್ತಿಗೇರಿತು. ಒಳಗಿದ್ದವರಿಗೆ ಬೆನ್ನುಹುರಿ ಬೇಕು, ಹೊರಗಿದ್ದವರಿಗೆ ರಕ್ತ ಬೇಕು. ಎತ್ತಿದ ಕಾಲು ಯಾರಿಗೂ ಬೇಡ.

ಶುಕ್ರವಾರ ಬೆಳಿಗ್ಗೆ ಮೂವತ್ತೊಂದನ್ನು ನಾನೇ ಹಿಡಿದುಕೊಂಡೆ. ಅದರ ಬಗ್ಗೆ ಹೆಚ್ಚು ಬರೆಯಲಾರೆ. ಮಧ್ಯಾಹ್ನ ಕಮಾಂಡರ್ ಕರೆದು ಬೆನ್ನುಹುರಿ ಶುದ್ಧವಾಗಿದೆ, ಒಂದು ಚುಕ್ಕೆಯೂ ಇಲ್ಲ ಎಂದರು. ಕೀಲಿನ ನೋವು ಬೆನ್ನುಹುರಿಯಲ್ಲಿ ಕಾಣುತ್ತದೆಯೇ ಎಂದು ಕೇಳಿದೆ. ಕಾಣುವುದಿಲ್ಲ ಎಂದು ಅವರೇ ಒಪ್ಪಿಕೊಂಡರು. ಆದರೂ ಹಾಳೆಯಲ್ಲಿ 'ಶುದ್ಧ' ಎಂದು ಬರೆದರು. ಬರೆಯಲು ಬೇರೆ ಪದವಿರಲಿಲ್ಲ.

ಭಾನುವಾರ ಕ್ಲೈವ್ ಊಟಕ್ಕೆ ಬಂದ. ಮರುವಾರ ಅವನ ಜಲಾಂತರ್ಗಾಮಿ ಹೊರಡುವುದಿತ್ತು. ಹುರಿದ ಆಲೂಗಡ್ಡೆ ಬಡಿಸುತ್ತ ಎಲ್ಲವನ್ನೂ ಹೇಳಿದೆ. ಬಿಸ್ಕತ್ತಿನ ಮಾತು ಬಂದಾಗ ಬಿದ್ದು ಬಿದ್ದು ನಕ್ಕ.

"ಅಯ್ಯೋ ಆಂಟಿ! ಇಡೀ ನೌಕಾದಳಕ್ಕೇ ಬಿಸ್ಕತ್ತು ತಿನ್ನಿಸಿಬಿಟ್ಟೆಯಲ್ಲ!"

"ನಗಬೇಡ ಕಣೋ. ನೀನು ಆ ಆಳದಲ್ಲಿ ಸಿಕ್ಕಿಹಾಕಿಕೊಂಡ್ರೆ ಏನ್ ಮಾಡ್ತೀಯಾ?"

"ಪಟ್ಟೀಲಿ ಏರು ಅಂತಿದ್ರೆ ಏರ್ತೀನಿ. ಕೂರು ಅಂತಿದ್ರೆ ಕೂರ್ತೀನಿ. ಅಲ್ಲಿ ಯೋಚನೆ ಮಾಡೋಕೆ ಗಾಳಿ ಇರಲ್ಲ ಆಂಟಿ."

"ಪಟ್ಟೀಲೇ ತಪ್ಪಿದ್ರೆ?"

ಅವನು ಚಮಚ ಕೆಳಗಿಟ್ಟ. "ಅದಕ್ಕೆ ನೋವಾಗಿತ್ತಾ, ಇಲ್ವಾ? ನಿನಗೆ ಗೊತ್ತಿರೋದನ್ನ ಹೇಳು."

"ಆಗಿತ್ತು."

"ಮತ್ತೆ?"

"ಹನ್ನೆರಡು ಮೇಕೆ ಕಣೋ ಕ್ಲೈವ್. ಎಲ್ಲ ನಾನು ಹಾಲು ಕುಡಿಸಿ ಬೆಳೆಸಿದವು. ನೀನೇ ಹೇಳು, ಏನ್ ಮಾಡ್ಲಿ?"

ಅವನು ತಟ್ಟೆ ಪಕ್ಕಕ್ಕೆ ಸರಿಸಿದ. "ನನ್ನ ಕೇಳಬೇಡ ಆಂಟಿ. ನನ್ನ ಕೇಳಿದ್ರೆ ನೂರು ಮೇಕೆ ಇಳಿಸು ಅಂತೀನಿ. ಸಾಯೋನ ಹತ್ರ ಕೇಳೋ ಪ್ರಶ್ನೆ ಅಲ್ಲ ಇದು. ಮೇಕೆ ಹತ್ರ ಕೇಳಿದ್ರೂ ಅಷ್ಟೇ, ನೂರು ಕ್ಲೈವ್‌ಗಳನ್ನ ಇಳಿಸಿ ಅನ್ನುತ್ತೆ."

ಹುಡುಗ ಸುಳ್ಳು ಹೇಳಲಿಲ್ಲ. ಆದರೆ ಅವನ ಆ ನಿಜದಿಂದ ನನಗೆ ಏನೂ ಉಪಯೋಗವಾಗಲಿಲ್ಲ. ಆ ರಾತ್ರಿಯೆಲ್ಲ ಅವನ ಮೇಲೂ ಸಿಟ್ಟಾಗಿದ್ದೆ.

ಸೋಮವಾರ ಬದಲಿ ಮೇಕೆ ನಲವತ್ತನಾಲ್ಕು ಇಳಿಯಿತು. ನನ್ನನ್ನು ಅಂಗಳದಿಂದ ದೂರ, ಕಿಟಕಿಯ ಹಿಂದೆ ನಿಲ್ಲಿಸಿದರು. ಅದು ನಾಲ್ಕು ಕಾಲಿನ ಮೇಲೆ ಗಟ್ಟಿಯಾಗಿ ನಿಂತು, ಅರ್ಧ ಗಂಟೆ ರೆಜ್‌ನ ಷೂ ದಾರ ಜಗಿಯಿತು. ಒಳ್ಳೆಯ ಮೇಕೆ. ಅದು ನೆಟ್ಟಗಿದೆಯೆಂದು ಸಂತೋಷಪಡಬೇಕೋ, ಆ ಆಳ ಪಾಸಾಯಿತೆಂದು ಎದೆ ಬಡಿದುಕೊಳ್ಳಬೇಕೋ ತಿಳಿಯದೆ ಕಿಟಕಿಯ ಹಿಂದೆ ನಿಂತಿದ್ದೆ. ಮೂವತ್ತೊಂದರ ನೋವು ಲೆಕ್ಕಕ್ಕಿಲ್ಲ, ಹಾಳೆಯಲ್ಲಿ ಹನ್ನೆರಡರಲ್ಲಿ ಒಂದಕ್ಕೆ ಮಾತ್ರ ಗುಳ್ಳೆ. ಕ್ಲೈವ್‌ನ ಪಟ್ಟಿಯಲ್ಲಿ ಇನ್ನು ಆ ಆಳದ ಎದುರಿಗೆ 'ಏರಬಹುದು' ಎಂದು ಅಚ್ಚಾಗುತ್ತದೆ.

ನಾಲ್ಕೂವರೆಗೆ ಕಮಾಂಡರ್ ಕೋಣೆಗೆ ಹೋಗಿ ಕಾಗದ ಕೇಳಿದೆ. ಅವರು ಬಿಳಿ ಹಾಳೆ ಮುಂದಿಟ್ಟು ಕಿಟಕಿಯ ಕಡೆ ತಿರುಗಿ ನಿಂತರು. ಮೂವತ್ತೊಂದಕ್ಕೆ ನೋವಾಗಿತ್ತು, ನಾನು ಸುಳ್ಳು ಸಹಿ ಹಾಕಿದೆ, ಈ ಆಳವನ್ನು ಮತ್ತೆ ಪರೀಕ್ಷಿಸಬೇಕು ಎಂದು ಬರೆದೆ. ಮೂರೇ ಸಾಲು. ಕೊನೆಯ ಸಾಲು ಬರೆಯುವಾಗ ಪೆನ್ನು ಒತ್ತಿದ್ದಕ್ಕೆ ಹಾಳೆ ಹರಿಯಿತು.

"ಇಷ್ಟೆಲ್ಲ ಆದ ಮೇಲೂ ನಿಮ್ಮನ್ನ ಕೆಲಸದಿಂದ ತೆಗೆಯಲ್ಲ," ಎಂದರು. "ನೀವಿಲ್ಲದೆ ಅವು ಕೋಣೆ ಹತ್ತಲ್ಲ."

"ಗೊತ್ತು ಸರ್. ಅದೇ ನನಗೆ ಆಗ್ತಿರೋ ಸಂಕಟ."

"ಇವತ್ತೇ ಹನ್ನೆರಡನ್ನ ಆರಿಸಿ ರೆಜ್‌ಗೆ ಸಂಖ್ಯೆ ಕೊಡಿ."

ರೆಜ್ ಹಾಳೆ ಹಿಡಿದು ಬೇಲಿಯ ಹೊರಗೆ ನಿಂತ. ಅವತ್ತು ಅವನೂ ತಮಾಷೆ ಮಾಡಲಿಲ್ಲ. ಆರಿಸುವುದಕ್ಕೂ ಒಂದು ನಿಯಮವಿದೆ. ಜನರನ್ನು ಕಂಡು ಬೆದರುವ ಮೇಕೆ ಕೋಣೆಗೆ ಆಗುವುದಿಲ್ಲ. ಗಾಬರಿಗೆ ಕಾಲು ಎತ್ತಿತೋ ನೋವಿಗೆ ಎತ್ತಿತೋ ತಿಳಿಯುವುದಿಲ್ಲ. ಕರೆದರೆ ಬರುವುದು, ಮುಟ್ಟಿದರೆ ನಿಲ್ಲುವುದು, ನನ್ನನ್ನು ನಂಬುವುದು ಮಾತ್ರ ಆಗುತ್ತದೆ. ಒಂದಾದರೂ ನನ್ನನ್ನು ಕಂಡು ಹಿಂದೆ ಸರಿಯಲಿ, ಅದನ್ನಾದರೂ ಬಿಟ್ಟುಬಿಡುತ್ತೇನೆ ಎಂದುಕೊಂಡು ಬಾಗಿಲು ತೆಗೆದು ಕೂಗಿದೆ.

ಎಲ್ಲವೂ ಓಡಿ ಬಂದವು.